ಕಂಪನಿ ಮುಳುಗಿತು, ಯೂನಿವರ್ಸಿಟಿ ಉಳಿಯಿತು

ಊರು ಬಿಟ್ಟವರಿಂದ ಊರಿಗೇನು ಲಾಭ? ಎನ್‌ಆರ್‌ಐ ಸಮಾವೇಶ, ಹೂಡಿಕೆ ಒಪ್ಪಂದ ಅಂತ ಉತ್ತರ ಹುಡುಕುವವರು ಟಾನ್ ಕಾ ಕೀ ಬದುಕನ್ನೊಮ್ಮೆ ನೋಡಬೇಕು.

ಚೀನಾದ ಫುಜಿಯಾನ್ ಪ್ರಾಂತ್ಯದ ಜಿಮೇ ಎಂಬ ಕಡಲತಡಿಯ ಹಳ್ಳಿಯಲ್ಲಿ 1874ರಲ್ಲಿ ಹುಟ್ಟಿದವರು. 1890ರಲ್ಲಿ ಅಪ್ಪನ ಅಕ್ಕಿ ವ್ಯಾಪಾರಕ್ಕೆ ಕೈಜೋಡಿಸಲು ಸಿಂಗಾಪುರಕ್ಕೆ ಹೋದರು. ಅಪ್ಪನ ವ್ಯವಹಾರ ಕುಸಿಯಿತು. ಮಗ ಅನಾನಸ್ ಡಬ್ಬಿಯಿಂದ ಶುರುಮಾಡಿ ರಬ್ಬರ್ ದೊರೆಯಾದರು.

ದುಡ್ಡು ಊರಿನ ದಾರಿ ಹಿಡಿಯಿತು. 1913ರಲ್ಲಿ ಜಿಮೇಯಲ್ಲಿ ಪ್ರಾಥಮಿಕ ಶಾಲೆ. ಮುಂದೆ ಶಿಕ್ಷಕರ ತರಬೇತಿ, ಮೀನುಗಾರಿಕೆ ಕಲಿಕೆ. 1921ರಲ್ಲಿ ಪಕ್ಕದಲ್ಲೇ ಶಿಯಾಮೆನ್ ವಿಶ್ವವಿದ್ಯಾಲಯ. ವಲಸೆ ಹೋಗಿದ್ದ ಬೇರೆ ಸಾಹುಕಾರರ ಬಾಗಿಲನ್ನೂ ತಟ್ಟಿದರು. ಹೆಚ್ಚಿನವರು ಕೈ ಬಿಚ್ಚಲಿಲ್ಲ.

ಆಮೇಲೆ ಮಹಾಕುಸಿತ ಬಂತು, ರಬ್ಬರ್ ಬೆಲೆ ನೆಲಕಚ್ಚಿತು. ಸಾಲ ಕೊಟ್ಟ ಬ್ಯಾಂಕುಗಳು ಕಂಪನಿಯ ಹಿಡಿತ ತೆಗೆದುಕೊಂಡವು. ಶಾಲೆ-ಕಾಲೇಜಿಗೆ ದುಡ್ಡು ಕಳಿಸೋದನ್ನು ಮಾತ್ರ ಟಾನ್ ಬಿಡಲಿಲ್ಲ. 1934ರಲ್ಲಿ ಕಂಪನಿಯೇ ಮುಚ್ಚಿತು. 1937ರಲ್ಲಿ ವಿಶ್ವವಿದ್ಯಾಲಯವನ್ನು ಏನೂ ಕೇಳದೆ ಸರ್ಕಾರಕ್ಕೆ ಒಪ್ಪಿಸಿದರು. 1950ರಲ್ಲಿ ಊರಿಗೇ ಮರಳಿದರು. 1961ರಲ್ಲಿ ತೀರಿಕೊಂಡ ಮೇಲೆ ಜಿಮೇಯಲ್ಲೇ ಮಣ್ಣಾದರು.

ಇದನ್ನು ಬರೀ ತ್ಯಾಗದ ಕಥೆ ಅಂದುಕೊಂಡರೆ ಅರ್ಧ ಓದಿದ ಹಾಗೆ. ಒಬ್ಬರ ಜೇಬನ್ನು ನಂಬಿದ ಸಂಸ್ಥೆ ಆ ಜೇಬಿನ ಜೊತೆಗೇ ಅಲುಗಾಡುತ್ತದೆ. ಟಾನ್ ದೊಡ್ಡತನ ಕೊಟ್ಟಿದ್ದರಲ್ಲಿ ಎಷ್ಟಿದೆಯೋ, ತನ್ನದೆಂಬ ಹಟ ಬಿಟ್ಟಿದ್ದರಲ್ಲೂ ಅಷ್ಟೇ ಇದೆ. ನಮ್ಮೂರ ಸರ್ಕಾರಿ ಶಾಲೆಗೆ ಅಮೆರಿಕದಿಂದಲೋ ದುಬೈನಿಂದಲೋ ಕಂಪ್ಯೂಟರ್ ಬಂದಾಗ ಫೋಟೋ ತೆಗೆಯೋಣ, ತಪ್ಪೇನಿಲ್ಲ. ಆದರೆ ಮುಂದಿನ ವರ್ಷ ಅದನ್ನು ನಡೆಸೋರು ಯಾರು ಅಂತ ಸರ್ಕಾರವನ್ನು ಕೇಳೋದನ್ನ ಮರೆಯಬಾರದು.