ಅನಾಥರ ಕೈಗೆ ಕಸುಬನ್ನಿತ್ತ ಮದರ್ ಮೇರಿ ಲೂಯಿಸ್ ದೆ ಮೀಸ್ಟರ್

ದೇವಾಲಯವೊಂದರ ನೂರು ವರ್ಷಗಳನ್ನು ಸ್ಮರಿಸುವಾಗ ಅದನ್ನು ಕಟ್ಟಿದವರನ್ನೂ ಅಲ್ಲಿ ಬಲಿಪೂಜೆಯನ್ನರ್ಪಿಸಿದ ಪೂಜ್ಯ ಗುರುಗಳನ್ನೂ ನಾವು ಮೊದಲಾಗಿ ನೆನೆಯುತ್ತೇವೆ. ಬಲಿಪೀಠದ ಬಿಳಿಯ ವಸ್ತ್ರದ ಅಂಚಿಗೆ ಲೇಸು ಹೆಣೆದ ಕೈಗಳು ನಮ್ಮ ನೆನಪಿಗೆ ಬರುವುದು ಅಪರೂಪ. ದಕ್ಷಿಣ ಭಾರತದಲ್ಲಿ ಅನಾಥ ಬಾಲಿಕೆಯರ ಕೈಗಳಿಗೆ ಈ ಕಸುಬನ್ನು ಕಲಿಸಲು ಕಡಲು ದಾಟಿ ಬಂದವರಲ್ಲಿ ಬೆಲ್ಜಿಯಂ ದೇಶದ ಕನ್ಯಾಸ್ತ್ರೀ ಮದರ್ ಮೇರಿ ಲೂಯಿಸ್ ದೆ ಮೀಸ್ಟರ್ ಒಬ್ಬರು. ಅವರ ಜೀವನವನ್ನು ಈ ಶತಮಾನೋತ್ಸವದ ಸಂಚಿಕೆಯ ಮೂಲಕ ವಾಚಕರ ಮುಂದಿಡಲು ನಾವು ಹರ್ಷಿಸುತ್ತೇವೆ.

ಅವರು ಜನಿಸಿದ್ದು 1857ನೆಯ ಇಸವಿ ಏಪ್ರಿಲ್ 8ರಂದು, ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸ್ ಪ್ರಾಂತದ ರೂಸೆಲಾರೆ ಪಟ್ಟಣದಲ್ಲಿ. ತಾರುಣ್ಯದಲ್ಲಿಯೇ ದೈವಕರೆಗೆ ಓಗೊಟ್ಟು ಈಪ್ರ್ ನಗರದಲ್ಲಿದ್ದ ಸಂತ ಅಗಸ್ಟೀನರ ನಿಯಮದ ಕನ್ಯಾಮಠವನ್ನು ಸೇರಿದರು. ಈಪ್ರ್ ನಗರವು ಆ ಕಾಲದಲ್ಲಿ ಲೇಸಿಗೆ ಹೆಸರಾಗಿತ್ತು. ದಿಂಬಿನ ಮೇಲೆ ಚಿತ್ತಾರದ ಹಾಳೆಯನ್ನು ಹರಡಿ, ಗುಂಡುಸೂಜಿಗಳನ್ನು ಚುಚ್ಚಿ, ಮರದ ಪುಟ್ಟ ಕಡ್ಡಿಗಳಿಗೆ ಸುತ್ತಿದ ಹತ್ತಾರು ಎಳೆಗಳನ್ನು ಒಂದರ ಮೇಲೊಂದು ದಾಟಿಸುತ್ತ ಹೆಣೆಯುವ ಕೆಲಸವದು. ಕಣ್ಣಿಗೆ ಶ್ರಮ, ಬೆನ್ನಿಗೆ ನೋವು. ದಿನವೆಲ್ಲ ದುಡಿದರೂ ಬೆಳೆಯುವುದು ಅಲ್ಪ. ಶ್ರೀಮಂತರ ಉಡುಪನ್ನು ಅಲಂಕರಿಸುತ್ತಿದ್ದ ಆ ಲೇಸನ್ನು ಹೆಣೆದ ಫ್ಲಾಂಡರ್ಸಿನ ಬಡ ಹೆಂಗಸರಿಗೆ ದೊರೆಯುತ್ತಿದ್ದ ಕೂಲಿಯೂ ಅತ್ಯಲ್ಪವೇ. ಕಸುಬು ಎಷ್ಟೇ ಸೊಗಸಾಗಿದ್ದರೂ ಅದರ ಫಲ ದುಡಿದವರಿಗೆ ಸಲ್ಲದಿದ್ದರೆ ಬಡತನ ನೀಗುವುದಿಲ್ಲವೆಂಬುದನ್ನು ನಾವು ಇಲ್ಲಿ ಮರೆಯಬಾರದು.

ದಕ್ಷಿಣ ತಿರುವಾಂಕೂರಿನ ಮುಳಗುಮೂಡು ಎಂಬ ಹಳ್ಳಿಯಲ್ಲಿ ಕಾರ್ಮೆಲ್ ಸಭೆಯ ಗುರುಗಳ ಆಶ್ರಯದಲ್ಲಿ ಒಂದು ಅನಾಥಾಲಯವಿತ್ತು. ಅಲ್ಲಿನ ಮಕ್ಕಳನ್ನು ಸಾಕಿ ಸಲಹಲು ಕನ್ಯಾಸ್ತ್ರೀಯರು ಬೇಕೆಂಬ ಕೋರಿಕೆ ಈಪ್ರ್ ಮಠವನ್ನು ತಲುಪಿತು. ಮಠದ ಪ್ರಾಕಾರದೊಳಗೆ ಪ್ರಾರ್ಥನೆ ಮತ್ತು ಬೋಧನೆಯಲ್ಲಿ ಬಾಳು ಸವೆಸಬೇಕಾಗಿದ್ದ ಮದರ್ ಮೇರಿ ಲೂಯಿಸ್ ಅವರು ಆ ಕೋರಿಕೆಯಲ್ಲಿ ಪ್ರಭುವಿನ ಕರೆಯನ್ನೇ ಕೇಳಿದರು. ಆಗ ಅವರಿಗೆ ನಲವತ್ತು ವರ್ಷ. ಜೊತೆಗೆ ಹೊರಟದ್ದು ಒಬ್ಬ ನವದೀಕ್ಷಿತೆ ಮಾತ್ರ. 1897ನೆಯ ಇಸವಿ ನವೆಂಬರ್ 7ರಂದು ಈ ಇಬ್ಬರೂ ಮುಳಗುಮೂಡನ್ನು ಮುಟ್ಟಿದರು. ಭಾಷೆ ಬಾರದು, ಹವೆ ಒಗ್ಗದು, ಆಧಾರ ದೇವರೊಬ್ಬನೇ.

ಆ ನಾಡಿನಲ್ಲಿ ಉಡುಪೆಂಬುದು ಬರಿಯ ಉಡುಪಾಗಿರಲಿಲ್ಲ. ಕೆಳಗಿನವರೆಂದು ಎಣಿಸಲ್ಪಟ್ಟ ಜಾತಿಗಳ ಹೆಂಗಸರು ಎದೆಯ ಮೇಲೆ ವಸ್ತ್ರ ಹೊದೆಯುವ ಹಕ್ಕಿಗಾಗಿ ಅಲ್ಲಿ ದೀರ್ಘಕಾಲ ಹೋರಾಡಬೇಕಾಗಿತ್ತು. 1859ರಲ್ಲಿ ಹೊರಟ ಅರಸರ ಘೋಷಣೆಯೂ ಷರತ್ತುಗಳಿಂದ ಕೂಡಿತ್ತು. ಹತ್ತಿರದ ನಾಗರಕೋಯಿಲಿನಲ್ಲಿ ಪ್ರಾಟೆಸ್ಟೆಂಟ್ ಮಿಶನರಿಯ ಪತ್ನಿ ಮಾರ್ತಾ ಮಾಲ್ಟ್ ಅವರು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ಬಡ ಬಾಲಿಕೆಯರಿಗೆ ಲೇಸು ಕಲಿಸಿದ್ದರೆಂಬುದನ್ನೂ ನಾವು ಕೃತಜ್ಞತೆಯಿಂದ ಸ್ಮರಿಸಬೇಕು. ಇಂಥ ನೆಲದಲ್ಲಿ ತಂದೆತಾಯಿಯಿಲ್ಲದ, ವರದಕ್ಷಿಣೆಗೆ ಗತಿಯಿಲ್ಲದ ಹೆಣ್ಣುಮಗುವಿಗೆ ಹೊಲಿಗೆಯ ಅರಿವು ಮಾನವನ್ನು ಕಾಯುವ ಸಾಧನವೇ ಆಗಿತ್ತು.

ಮುಳಗುಮೂಡಿನ ಕನ್ಯಾಮಠದಲ್ಲಿ ಮಕ್ಕಳಿಗೆ ಅನ್ನ, ಆರೈಕೆ, ಜ್ಞಾನೋಪದೇಶಗಳ ಜೊತೆಗೆ ಅಕ್ಷರವೂ ದೊರೆಯಿತು, ಹೊಲಿಗೆ, ಕಸೂತಿ, ಲೇಸುಗಳ ಶಿಕ್ಷಣವೂ ದೊರೆಯಿತು. ಫ್ಲಾಂಡರ್ಸಿನ ಕೈಚಳಕ ತಿರುವಾಂಕೂರಿನ ಬೆರಳುಗಳಿಗೆ ಇಳಿಯಿತು. ಕೈಕೆಲಸದ ಮಾರಾಟದಿಂದ ಬಂದ ಹಣ ಮಕ್ಕಳ ಪೋಷಣೆಗೆ ನೆರವಾಯಿತು. ಮುಳಗುಮೂಡಿನ ಲೇಸು ಮತ್ತು ಕಸೂತಿ ಕ್ರಮೇಣ ಹೊರನಾಡುಗಳಲ್ಲೂ ಹೆಸರು ಗಳಿಸಿದವು. ಪರರ ದಾನದಿಂದ ಬದುಕುತ್ತಿದ್ದ ಬಾಲಿಕೆ ತನ್ನ ಊಟದಲ್ಲಿ ತನ್ನ ಶ್ರಮದ ಪಾಲೂ ಇದೆಯೆಂದು ತಲೆಯೆತ್ತಿ ನಿಲ್ಲುವಂತಾದುದೇ ಇದರ ನಿಜವಾದ ಲಾಭವೆಂದು ನಾವು ಎಣಿಸುತ್ತೇವೆ.

ಇಬ್ಬರಿಂದ ಆರಂಭವಾದ ಈ ಸೇವೆ ಬೆಳೆದು ಹೊಸದೊಂದು ಧರ್ಮಭಗಿನಿಯರ ಸಭೆಯಾಯಿತು. 1910ರಲ್ಲಿ ಅವರು ಫಿಲಿಪ್ಪೀನ್ಸ್ ದ್ವೀಪಗಳ ತಗುಡಿನ್ ಎಂಬಲ್ಲಿಗೆ ಹೋದರು. 1915ರಲ್ಲಿ ಮನಿಲಾ ನಗರದಲ್ಲಿ ಸಂತ ತೆರೇಸಾ ಕಾಲೇಜು ಸ್ಥಾಪನೆಯಾಯಿತು. ಇದೇ ಸಮಯದಲ್ಲಿ, 1914ರಿಂದ 1918ರವರೆಗಿನ ಮಹಾಯುದ್ಧದ ಫಿರಂಗಿಗಳಿಗೆ ಸಿಕ್ಕಿ ಈಪ್ರ್ ನಗರ ಬೂದಿಯಾಯಿತು. ಅಲ್ಲಿಂದ ಕಡಲಾಚೆಗೆ ಬಂದ ಬೀಜ ಮಾತ್ರ ದೂರದ ನೆಲದಲ್ಲಿ ಚಿಗುರುತ್ತಿತ್ತು. ಅದರ ಬೆಳವಣಿಗೆಯನ್ನು ಕಣ್ಣಾರೆ ಕಂಡ ಮದರ್ ಮೇರಿ ಲೂಯಿಸ್ ಅವರು 1928ನೆಯ ಇಸವಿ ಅಕ್ಟೋಬರ್ 10ರಂದು ಬೆಲ್ಜಿಯಂನ ಹೆವರ್ಲೆಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಅವರ ಸಭೆಯು ಈಗ ಮರಿಯಮ್ಮನವರ ನಿಷ್ಕಳಂಕ ಹೃದಯದ ಧರ್ಮಪ್ರಚಾರಕ ಭಗಿನಿಯರ ಸಭೆಯೆಂದು ಕರೆಯಲ್ಪಡುತ್ತದೆ. ಮುಳಗುಮೂಡು 1956ರಿಂದ ತಮಿಳುನಾಡಿಗೆ ಸೇರಿದೆ.

ನಜರೇತಿನ ಮನೆಯಲ್ಲಿ ಯೇಸುಸ್ವಾಮಿ ಸಂತ ಜೋಸೆಫರ ಬಳಿ ಮರಗೆಲಸವನ್ನು ಕಲಿತರೆಂದು ನಮ್ಮ ವಿಶ್ವಾಸದ ಪರಂಪರೆ ಹೇಳುತ್ತದೆ. ದೇವಕುಮಾರನೇ ಕೈಗೆತ್ತಿಕೊಂಡ ಕಸುಬು ಯಾವ ಮಗುವಿಗೂ ಅಗೌರವವಲ್ಲ. ಹಬ್ಬದ ದಿನ ಬಡಮಕ್ಕಳಿಗೆ ಬಟ್ಟೆ ಹಂಚುವುದು ಪುಣ್ಯಕಾರ್ಯವೇ ಸರಿ. ಆದರೆ ಆ ಬಟ್ಟೆ ಒಂದು ವರ್ಷಕ್ಕೆ ಹರಿಯುತ್ತದೆ. ಅದನ್ನು ಹೊಲಿಯುವ ವಿದ್ಯೆ ಬಾಳಿನುದ್ದಕ್ಕೂ ಉಳಿಯುತ್ತದೆ. ನಮ್ಮ ಧರ್ಮಕೇಂದ್ರವು ತನ್ನ ಎರಡನೆಯ ಶತಮಾನಕ್ಕೆ ಕಾಲಿಡುವಾಗ, ದಾನದೊಡನೆ ವಿದ್ಯೆಯನ್ನೂ, ವಿದ್ಯೆಯೊಡನೆ ನ್ಯಾಯವಾದ ಕೂಲಿಯನ್ನೂ ಬಡವರ ಕೈಸೇರಿಸುವ ಮನಸ್ಸನ್ನು ಪ್ರಭು ನಮಗೆಲ್ಲರಿಗೂ ದಯಪಾಲಿಸಲಿ.