ಅಲೆಗ್ಸಾಂಡರ್ ಫ್ಲೆಮಿಂಗ್

ಮಕ್ಕಳೇ, ನಿಮ್ಮ ಮನೆಯ ನಾಯಿಗೆ ಗಾಯವಾಗಿ ಕೀವು ತುಂಬಿದರೆ ಏನು ಮಾಡುವಿರಿ? ಪಶುವೈದ್ಯರ ಬಳಿಗೆ ಕರೆದೊಯ್ಯುವಿರಿ. ಅಗತ್ಯವಿದ್ದರೆ ಅವರು ರೋಗಾಣುಗಳನ್ನು ಕೊಲ್ಲುವ ಔಷಧಿಯನ್ನು ಕೊಡುವರು. ಇಂಥ ಔಷಧಿಗೆ ಪ್ರತಿಜೈವಿಕ ಎಂದು ಹೆಸರು. ಪೆನಿಸಿಲಿನ್ ಎಂಬ ಪ್ರಸಿದ್ಧ ಪ್ರತಿಜೈವಿಕವನ್ನು ಕಂಡುಹಿಡಿದವರು ಅಲೆಗ್ಸಾಂಡರ್ ಫ್ಲೆಮಿಂಗ್.

ಫ್ಲೆಮಿಂಗರು 1881ನೆಯ ಇಸವಿ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ಡಾರ್ವೆಲ್ ಎಂಬ ಊರಿನ ಹತ್ತಿರ ಜನಿಸಿದರು. ಅವರದು ರೈತರ ಮನೆ. ಏಳು ವರ್ಷದವರಾಗಿದ್ದಾಗ ತಂದೆ ತೀರಿಕೊಂಡರು. ಮುಂದೆ ಲಂಡನ್ ನಗರಕ್ಕೆ ಹೋಗಿ ಅಣ್ಣನ ಆಶ್ರಯದಲ್ಲಿ ಓದಿದರು. ಹಡಗು ಕಂಪನಿಯೊಂದರಲ್ಲಿ ನಾಲ್ಕು ವರ್ಷ ಗುಮಾಸ್ತರಾಗಿ ದುಡಿದರು. ಅನಂತರ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯಕೀಯ ಶಾಲೆಗೆ ಸೇರಿ ವೈದ್ಯರಾದರು.

ಮೊದಲನೆಯ ಮಹಾಯುದ್ಧದಲ್ಲಿ ಅವರು ಫ್ರಾನ್ಸಿನ ಸೈನಿಕ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಗಾಯಗಳು ಕೀವಾಗಿ ಅನೇಕ ಸೈನಿಕರು ಸಾಯುವುದನ್ನು ಕಣ್ಣಾರೆ ಕಂಡರು. ರೋಗಾಣುಗಳನ್ನು ಕೊಲ್ಲುವ, ಆದರೆ ದೇಹಕ್ಕೆ ಕೇಡು ಮಾಡದ ಔಷಧಿಯನ್ನು ಹುಡುಕತೊಡಗಿದರು.

1928ರ ಸೆಪ್ಟೆಂಬರಿನಲ್ಲಿ ಫ್ಲೆಮಿಂಗರು ರಜೆ ಮುಗಿಸಿ ಪ್ರಯೋಗಶಾಲೆಗೆ ಬಂದರು. ರೋಗಾಣುಗಳನ್ನು ಬೆಳೆಸಿದ್ದ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಹಿಡಿದಿತ್ತು. ಬೂಷ್ಟಿನ ಸುತ್ತಲಿದ್ದ ರೋಗಾಣುಗಳು ನಾಶವಾಗಿದ್ದವು! ಅವರು ತಟ್ಟೆಯನ್ನು ಎಸೆಯದೆ ಪರೀಕ್ಷಿಸಿದರು. ಬೂಷ್ಟಿನಲ್ಲಿದ್ದ ಔಷಧಿಗೆ ಪೆನಿಸಿಲಿನ್ ಎಂದು ಹೆಸರಿಟ್ಟರು. ಆದರೆ ಅದನ್ನು ಶುದ್ಧಗೊಳಿಸಲು ಅವರಿಂದ ಆಗಲಿಲ್ಲ.

ಆ ಕೆಲಸವನ್ನು ಆಕ್ಸ್‌ಫರ್ಡ್ ನಗರದ ಫ್ಲೋರಿ, ಚೈನ್ ಮತ್ತು ಅವರ ಸಂಗಡಿಗರು ಮಾಡಿದರು. 1940ರಲ್ಲಿ ಅವರು ಎಂಟು ಇಲಿಗಳ ದೇಹಕ್ಕೆ ರೋಗಾಣುಗಳನ್ನು ಸೇರಿಸಿದರು. ನಾಲ್ಕು ಇಲಿಗಳಿಗೆ ಮಾತ್ರ ಪೆನಿಸಿಲಿನ್ ಕೊಟ್ಟರು. ಮರುದಿನ ಆ ನಾಲ್ಕು ಇಲಿಗಳು ಮಾತ್ರ ಬದುಕಿದ್ದವು. ಮುಂದೆ ಈ ಔಷಧಿಯು ಲಕ್ಷಾಂತರ ಜನರ ಪ್ರಾಣ ಉಳಿಸಿತು. 1945ರಲ್ಲಿ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೂ ನೊಬೆಲ್ ಪ್ರಶಸ್ತಿ ದೊರೆಯಿತು.

ಪ್ರಶಸ್ತಿ ಪಡೆದ ಸಂದರ್ಭದ ಭಾಷಣದಲ್ಲಿಯೇ ಫ್ಲೆಮಿಂಗರು ಒಂದು ಎಚ್ಚರಿಕೆ ಕೊಟ್ಟರು. ಔಷಧಿಯನ್ನು ತೀರ ಕಡಿಮೆ ಅಳತೆಯಲ್ಲಿ ಕೊಟ್ಟರೆ ರೋಗಾಣುಗಳು ಸಾಯುವುದಿಲ್ಲ. ಬದಲಾಗಿ, ಆ ಔಷಧಿಯನ್ನು ತಡೆದುಕೊಳ್ಳುವ ಶಕ್ತಿ ಪಡೆಯುತ್ತವೆ. ಅವು ಬೇರೊಬ್ಬರಿಗೆ ಹರಡಿದರೆ ಅವರಿಗೂ ಔಷಧಿ ನಾಟುವುದಿಲ್ಲ. ಹೀಗೆ ಒಬ್ಬರ ತಪ್ಪಿಗೆ ಇನ್ನೊಬ್ಬರು ಪ್ರಾಣ ತೆರಬೇಕಾದೀತು ಎಂದು ಅವರು ತಿಳಿಸಿದರು.

ಫ್ಲೆಮಿಂಗರು 1955ರ ಮಾರ್ಚ್ 11ರಂದು ನಿಧನರಾದರು. ಅವರ ಎಚ್ಚರಿಕೆ ಇಂದು ನಿಜವಾಗಿದೆ. ಹಲವು ರೋಗಾಣುಗಳಿಗೆ ಹಳೆಯ ಔಷಧಿಗಳು ನಾಟುತ್ತಿಲ್ಲ. ಮನೆಯಲ್ಲಿ ನಾಯಿ, ಬೆಕ್ಕುಗಳು ನಮ್ಮೊಡನೆಯೇ ಇರುತ್ತವೆ. ಅವುಗಳಿಂದ ನಮಗೂ ನಮ್ಮಿಂದ ಅವುಗಳಿಗೂ ಇಂಥ ರೋಗಾಣುಗಳು ಹರಡಬಹುದು.

ಆದ್ದರಿಂದ ಒಳ್ಳೆಯ ಪಶುವೈದ್ಯರು ಎಲ್ಲ ಕಾಯಿಲೆಗೂ ಪ್ರತಿಜೈವಿಕ ಕೊಡುವುದಿಲ್ಲ. ಪ್ರಾಣಿಯನ್ನು ಪರೀಕ್ಷಿಸಿ, ತೂಕ ನೋಡಿ, ಬೇಕಿದ್ದರೆ ಮಾತ್ರ ಕೊಡುತ್ತಾರೆ. ನಂಗವಳ್ಳಿಯಾಗಲಿ, ಲಂಡನ್ನಾಗಲಿ, ನಿಯಮ ಒಂದೇ. ಮನೆಯಲ್ಲಿ ಉಳಿದ ಮಾತ್ರೆಯನ್ನು ನಾಯಿಗೆ ಹಾಕಬಾರದು. ವೈದ್ಯರು ಹೇಳಿದ ಅಳತೆಯಲ್ಲಿ, ಹೇಳಿದಷ್ಟು ದಿನ ಔಷಧಿ ಕೊಡಬೇಕು. ಫ್ಲೆಮಿಂಗರ ಕೊಡುಗೆಯನ್ನು ಕಾಪಾಡುವುದು ನಮ್ಮೆಲ್ಲರ ಕರ್ತವ್ಯ.

ಪದಗಳ ಅರ್ಥ
ರೋಗಾಣು – ರೋಗ ತರುವ ಅತಿ ಸಣ್ಣ ಜೀವಿ
ಆಶ್ರಯ – ಆಸರೆ
ನಿಧನ – ಮರಣ

ಪ್ರಶ್ನೆಗಳು
1. ಗಾಜಿನ ತಟ್ಟೆಯಲ್ಲಿ ಫ್ಲೆಮಿಂಗರು ಏನನ್ನು ಕಂಡರು?
2. ಅವರು ಕೊಟ್ಟ ಎಚ್ಚರಿಕೆ ಯಾವುದು?
3. ಉಳಿದ ಮಾತ್ರೆಯನ್ನು ನಾಯಿಗೆ ಏಕೆ ಹಾಕಬಾರದು?