ಬಿಳಿ ರಕ್ತ ಕಂಡ ಡಾಕ್ಟರು

ಬರ್ಲಿನ್ನಿನಲ್ಲಿ ಇರೋರಿಗೆಲ್ಲ ಫಿರ್ಶೋ ಅನ್ನೋ ಹೆಸರು ಗೊತ್ತು. ಅಮ್ರುಮರ್ ಸ್ಟ್ರಾಸ ನಿಲ್ದಾಣದಲ್ಲಿ ಇಳಿದರೆ ಅವರ ಹೆಸರಿನ ದೊಡ್ಡ ಆಸ್ಪತ್ರೆಯೇ ಎದುರಾಗುತ್ತೆ. ಊರಲ್ಲಿ ಓದುವಾಗ ನಾವು ಇಂಗ್ಲಿಷ್ ಅಕ್ಷರ ನೋಡಿ ವಿರ್ಚೋ ಅಂತಿದ್ದೆವು. ಇಲ್ಲಿಗೆ ಬಂದ ಮೇಲೆ ನಾಲಗೆ ತಿದ್ದಿಕೊಂಡೆ. ಆದರೆ ಆ ಮನುಷ್ಯ ಯಾರು, ಏನು ಮಾಡಿದರು ಅಂತ ನಾನು ಹುಡುಕಿ ಓದಿದ್ದು ಹೋದ ಚಳಿಗಾಲದಲ್ಲಿ, ಅಕ್ಕನ ರಿಪೋರ್ಟು ಬಂದಾಗ.

ನಾನು ಡಾಕ್ಟರಲ್ಲ. ಪೆಥಾಲಜಿ ಲ್ಯಾಬಿನಲ್ಲಿ ಮೇಣದಲ್ಲಿ ಕೂರಿಸಿದ ಗಡ್ಡೆಯ ಚೂರುಗಳನ್ನು ಕೂದಲಿಗಿಂತ ತೆಳ್ಳಗೆ ಕೊಯ್ದು, ಗಾಜಿನ ಮೇಲೆ ಹಾಸಿ, ಬಣ್ಣ ಕಟ್ಟಿ ಡಾಕ್ಟರ ಮೇಜಿಗೆ ಕಳಿಸೋದು ನನ್ನ ಕೆಲಸ. ಊರಿನಿಂದ ಅಕ್ಕ ತನ್ನ ಎದೆಯ ಗಡ್ಡೆಯ ರಿಪೋರ್ಟನ್ನು ವಾಟ್ಸಾಪಿನಲ್ಲಿ ಕಳಿಸಿದ್ದಳು. ಗಡ್ಡೆಯೊಳಗೆ ಲಿಂಫೋಸೈಟುಗಳು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು, ತುಂಬಿಕೊಂಡಿವೆ ಅಂತ ಅದರಲ್ಲಿತ್ತು. ಇದು ಒಳ್ಳೇದಾ, ಕೆಟ್ಟದ್ದಾ ಅಂತ ಅವಳ ಪ್ರಶ್ನೆ. ದಿನಾ ಆ ಕಡುನೀಲಿ ಚುಕ್ಕೆಗಳನ್ನು ನೋಡುವ ನನಗೆ ಉತ್ತರ ಗೊತ್ತಿರಲಿಲ್ಲ. ಓದುತ್ತ ಹೋದಂತೆ ದಾರಿ ಫಿರ್ಶೋ ಹತ್ತಿರ ಬಂದು ನಿಂತಿತು.

ರುಡಾಲ್ಫ್ ಫಿರ್ಶೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಪೊಮೆರೇನಿಯಾದ ಶಿವೆಲ್‌ಬೈನ್ ಎಂಬ ಪುಟ್ಟ ಪಟ್ಟಣದಲ್ಲಿ. ಇವತ್ತು ಅದು ಪೋಲೆಂಡಿಗೆ ಸೇರಿದೆ. ದೊಡ್ಡ ಮನೆತನವೇನಲ್ಲ. ಸೈನ್ಯಕ್ಕೆ ವೈದ್ಯರನ್ನು ತಯಾರು ಮಾಡುವ ಬರ್ಲಿನ್ನಿನ ಸರ್ಕಾರಿ ಸಂಸ್ಥೆಯಲ್ಲಿ ಓದಿ 1843ರಲ್ಲಿ ಡಾಕ್ಟರಾದರು. ಆಮೇಲೆ ಶಾರಿಟೆ ಆಸ್ಪತ್ರೆಯಲ್ಲಿ ಹೆಣ ಕೊಯ್ದು ಕಾರಣ ಹುಡುಕುವ ಕೆಲಸ.

1845ರಲ್ಲಿ ಅಲ್ಲಿ ಒಬ್ಬ ಅಡುಗೆ ಕೆಲಸದ ಹೆಂಗಸು ತೀರಿಕೊಂಡಳು. ವಯಸ್ಸು 50ರ ಸುಮಾರು. ಮೂಗಿನಿಂದ ರಕ್ತ, ಕಾಲು ಊತ, ಸುಸ್ತು ಅಂತ ಬಂದವಳು. ಕೊಯ್ದು ನೋಡಿದರೆ ಗುಲ್ಮ ವಿಪರೀತ ದೊಡ್ಡದಾಗಿದೆ, ರಕ್ತನಾಳಗಳಲ್ಲಿ ಕೀವಿನಂಥ ಬಿಳಿ ವಸ್ತು ತುಂಬಿದೆ. ಅದೇ ವರ್ಷ ಎಡಿನ್‌ಬರೋದಲ್ಲಿ ಜಾನ್ ಹ್ಯೂಸ್ ಬೆನೆಟ್ ಎಂಬ ಡಾಕ್ಟರು ಇಂಥದೇ ಕಾಯಿಲೆಯನ್ನು ನೋಡಿ, ರಕ್ತವೇ ಕೀವಾಗಿದೆ ಅಂತ ಬರೆದಿದ್ದರು. ಫಿರ್ಶೋ ಹಾಗೆ ಅನ್ನಲಿಲ್ಲ. ಕೀವಿಗೆ ಕಾರಣವಾಗುವ ಗಾಯ ಎಲ್ಲೂ ಕಾಣದಿದ್ದರಿಂದ, ಇದು ರಕ್ತದಲ್ಲೇ ಇರುವ ಬಿಳಿ ಕಣ ಹೆಚ್ಚಾಗಿರೋದು ಅಂದರು. ಮೊದಲು ಇಟ್ಟ ಹೆಸರು ಬಿಳಿ ರಕ್ತ. 1847ರಲ್ಲಿ ಅದಕ್ಕೇ ಗ್ರೀಕಿನಲ್ಲಿ ಲುಕೇಮಿಯಾ ಅಂತ ಹೆಸರು ಕೊಟ್ಟರು. ಮೊದಲು ಕಂಡವರು ಯಾರು ಅಂತ ಇಬ್ಬರ ಕಡೆಯವರೂ ಬಹಳ ಕಾಲ ಜಗಳವಾಡಿದರು. ನನಗೆ ಅದು ಮುಖ್ಯ ಅನ್ನಿಸಲಿಲ್ಲ. ಗೊತ್ತಿದ್ದ ಹೆಸರಿಗೆ ಜೋತು ಬೀಳದೆ, ಕಂಡದ್ದನ್ನು ಕಂಡಷ್ಟೇ ಹೇಳಿದನಲ್ಲ 24ರ ಹುಡುಗ, ಅದು ದೊಡ್ಡದು.

1848ರ ಶುರುವಿನಲ್ಲಿ ಅಪ್ಪರ್ ಸೈಲೀಷಿಯಾದಲ್ಲಿ ಬರಗಾಲ, ಜೊತೆಗೆ ಟೈಫಸ್ ಜ್ವರ. ಸರ್ಕಾರ ಫಿರ್ಶೋ ಅವರನ್ನು ನೋಡಿಬಾ ಅಂತ ಕಳಿಸಿತು. ಸುಮಾರು ಮೂರು ವಾರ ಇದ್ದು ಬಂದು, ಈ ಕಾಯಿಲೆಗೆ ಮದ್ದು ಔಷಧಿಯಲ್ಲಿಲ್ಲ, ಶಿಕ್ಷಣ, ಸ್ವಾತಂತ್ರ್ಯ, ಹೊಟ್ಟೆತುಂಬ ಊಟದಲ್ಲಿದೆ ಎಂಬ ಅರ್ಥದ ವರದಿ ಕೊಟ್ಟರು. ಆ ಜನ ಮಾತಾಡುತ್ತಿದ್ದುದು ಪೋಲಿಷ್, ಅಧಿಕಾರಿಗಳಿಗೆ ಅದು ಬಾರದು; ಅದೂ ಒಂದು ರೋಗಕಾರಣ ಅಂತ ಎತ್ತಿ ಆಡಿದರು. ಕೌಂಟರಿನ ಆಚೆ ನಿಂತು ಪರದಾಡಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರ್ಚಿನ ಕ್ರಾಂತಿಯಲ್ಲಿ ಬೀದಿಯ ತಡೆಗೋಡೆಯ ಹಿಂದೆ ನಿಂತರು. ಸರ್ಕಾರಕ್ಕೆ ಸಿಟ್ಟು ಬಂತು. 1849ರಲ್ಲಿ ಬರ್ಲಿನ್ ಬಿಟ್ಟು ವೂರ್ಟ್ಸ್‌ಬುರ್ಗಿಗೆ ಹೋಗಬೇಕಾಯಿತು. ಏಳು ವರ್ಷದ ಮೇಲೆ ಬರ್ಲಿನ್ನೇ ಅವರನ್ನು ವಾಪಸ್ ಕರೆಸಿಕೊಂಡಿತು.

ರೋಗ ಅನ್ನೋದು ಜೀವಕೋಶದಲ್ಲಿ ಶುರುವಾಗುತ್ತೆ, ಕೋಶ ಹುಟ್ಟೋದು ಕೋಶದಿಂದಲೇ ಅಂತ 1858ರಲ್ಲಿ ಅವರು ಮಾಡಿದ ಇಪ್ಪತ್ತು ಉಪನ್ಯಾಸಗಳು ಪುಸ್ತಕವಾದವು. ಮುಂದೆ 1863ರಿಂದ ಗಡ್ಡೆಗಳ ಮೇಲೆ ದಪ್ಪ ಸಂಪುಟಗಳು ಬಂದವು. ಬಹಳ ಕಾಲದ ಉರಿ, ಕೆರೆತ, ಊತ ಇರುವ ಕಡೆ ಗಡ್ಡೆ ಹುಟ್ಟೋದನ್ನು ಅವರು ಗುರುತಿಸಿದರು. ಗಡ್ಡೆಯ ಸುತ್ತ ಬಿಳಿ ಕಣಗಳಂಥ ದುಂಡು ಕೋಶಗಳೂ ಕಂಡಿದ್ದವು. ಅಂದರೆ ಒಂದು ಕೈಯಲ್ಲಿ ಬಿಳಿ ರಕ್ತ, ಇನ್ನೊಂದು ಕೈಯಲ್ಲಿ ಗಡ್ಡೆ. ನಡುವಿನ ದಾರಿ ಮಾತ್ರ ಅವರಿಗೆ ಹೊಳೆಯಲಿಲ್ಲ. ಊತ, ಕೀವು ಇರುವಲ್ಲಿ ಕಾಣುವ ದುಂಡು ಕೋಶಗಳು ಅಲ್ಲಲ್ಲೇ, ಅಂಗಾಂಶದ ಕೋಶಗಳು ಒಡೆದು ಹುಟ್ಟುತ್ತವೆ ಅಂತಲೇ ನಂಬಿದ್ದರು. ಕೋಶದಿಂದಲೇ ಕೋಶ ಅಂದವರಿಗೆ ಅದು ಸಹಜವೇ.

ದಾರಿ ಕಂಡಿದ್ದು ಅವರ ಸಹಾಯಕನಿಗೇ. ಯೂಲಿಯುಸ್ ಕೋನ್‌ಹೈಮ್ 1867ರಲ್ಲಿ ಕಪ್ಪೆಯ ಕರುಳಿನ ತೆಳುಪೊರೆಯನ್ನು ಮೈಕ್ರೋಸ್ಕೋಪಿನ ಕೆಳಗೆ ಹರಡಿ ಕಾದು ಕೂತ. ಊತ ಶುರುವಾಯಿತು. ಬಿಳಿ ಕಣಗಳು ರಕ್ತನಾಳದ ಗೋಡೆಗೆ ಅಂಟಿಕೊಂಡು, ನಿಧಾನಕ್ಕೆ ನುಸುಳಿ ಆಚೆ ಬರೋದನ್ನು ಕಣ್ಣಾರೆ ಕಂಡ. ಹಾಗಾದರೆ ಕೀವಿನ ಕೋಶ ರಕ್ತದಿಂದ ಬಂದ ನೆಂಟ, ಮನೆಮಗ ಅಲ್ಲ. ಗುರುವಿನ ಮಾತನ್ನು ಅಲ್ಲಗಳೆಯುವ ಈ ಬರಹ ಅಚ್ಚಾಗಿದ್ದು ಫಿರ್ಶೋ ತಾವೇ ನಡೆಸುತ್ತಿದ್ದ ಪತ್ರಿಕೆಯಲ್ಲಿ! ಇವರ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದು. ಮರುವರ್ಷ ಕ್ಯೋನಿಗ್ಸ್‌ಬೆರ್ಗಿನ ಅರ್ನ್ಸ್ಟ್ ನಾಯ್ಮನ್ ಮೂಳೆ ಹಿಂಡಿ ನೋಡಿ, ರಕ್ತ ತಯಾರಾಗೋದು ಮಜ್ಜೆಯಲ್ಲಿ ಅಂದರು. 1870ರಲ್ಲಿ ಬಿಳಿ ರಕ್ತದ ಕಾಯಿಲೆಯನ್ನೂ ಮಜ್ಜೆಗೇ ಜೋಡಿಸಿದರು. ಮಜ್ಜೆ, ರಕ್ತ, ಗಡ್ಡೆ: ದಾರಿ ಕೂಡಿತು.

ಫಿರ್ಶೋ ತಪ್ಪಿದ ಕಡೆಗಳು ಇನ್ನೂ ಇವೆ. ಕಾರ್ಸಿನೋಮಾ ಎಂಬ ಕ್ಯಾನ್ಸರು ಸಂಯೋಜಕ ಅಂಗಾಂಶದಲ್ಲಿ ಹುಟ್ಟುತ್ತೆ ಅಂದಿದ್ದರು; ಅಲ್ಲ, ಹೊದಿಕೆಯ ಕೋಶಗಳಲ್ಲಿ ಅಂತ ಥಿಯೆರ್ಶ್ ಮತ್ತು ವಾಲ್ಡಾಯರ್ ತೋರಿಸಿದರು. 1887ರಲ್ಲಿ ಯುವರಾಜ ಫ್ರೆಡರಿಕ್‌ನ ಗಂಟಲಿನಿಂದ ಇಂಗ್ಲೆಂಡಿನ ಡಾಕ್ಟರು ಕಿತ್ತ ಚೂರನ್ನು ಇವರು ನೋಡಿ, ಕ್ಯಾನ್ಸರ್ ಕಾಣಲಿಲ್ಲ ಅಂತ ಬರೆದರು. ಆಪರೇಷನ್ ನಿಂತಿತು. ಮರುವರ್ಷ ಚಕ್ರವರ್ತಿಯಾದ ಫ್ರೆಡರಿಕ್ 99 ದಿನ ಆಳಿ ಸತ್ತ, ಆಗಿದ್ದಿದ್ದು ಕ್ಯಾನ್ಸರೇ. ಜನ ಈಗಲೂ ಇದನ್ನು ಎತ್ತಿ ಹಂಗಿಸುತ್ತಾರೆ. ನಾನು ಒಪ್ಪೋದಿಲ್ಲ. ಕೊಟ್ಟ ಚೂರಿನಲ್ಲಿ ಇಲ್ಲದ್ದನ್ನು ಮೈಕ್ರೋಸ್ಕೋಪು ಹೇಗೆ ತೋರಿಸೀತು? ನಮ್ಮ ಲ್ಯಾಬಿಗೂ ಅಂಥ ಪುಟಾಣಿ ಚೂರು ಬರ್ತಾನೇ ಇರ್ತಾವೆ.

ಮಿಕ್ಕದ್ದನ್ನು ಬೇಗ ಹೇಳಿಬಿಡ್ತೀನಿ. ಬರ್ಲಿನ್ ನಗರಸಭೆಯಲ್ಲಿ 1859ರಿಂದ ಸಾಯುವವರೆಗೆ ಸದಸ್ಯರು. ಊರಿನ ಕೊಳಚೆ ಬೀದಿಯಲ್ಲಿ ಹರಿಯುತ್ತಿದ್ದ ಕಾಲದಲ್ಲಿ ಇಂಜಿನಿಯರ್ ಹೋಬ್ರೆಕ್ಟ್ ಜೊತೆ ನಿಂತು ಒಳಚರಂಡಿ ಮಾಡಿಸಿದರು. ಬಿಸ್ಮಾರ್ಕ್ 1865ರಲ್ಲಿ ದ್ವಂದ್ವಯುದ್ಧಕ್ಕೆ ಕರೆದಾಗ ಬರೋಲ್ಲ ಅಂದರು. ಟ್ರಾಯ್ ಅಗೆಯೋದನ್ನು ನೋಡಲು ಶ್ಲೀಮನ್ ಹತ್ತಿರ ಹೋದರು. 1899ರಲ್ಲಿ ಶಾರಿಟೆಯಲ್ಲಿ ತೆರೆದ ಅವರ ಮ್ಯೂಸಿಯಮ್ಮಿನಲ್ಲಿ 20,000ಕ್ಕೂ ಹೆಚ್ಚು ಮಾದರಿಗಳಿದ್ದವು. ಎರಡನೇ ಮಹಾಯುದ್ಧದಲ್ಲಿ ಬಹಳಷ್ಟು ಹೋದವು, ಉಳಿದದ್ದನ್ನು ಈಗಲೂ ನೋಡಬಹುದು. 1902ರ ಜನವರಿಯಲ್ಲಿ, 80 ದಾಟಿದ ಮುದುಕರು, ಲೈಪ್‌ಜಿಗರ್ ಸ್ಟ್ರಾಸದಲ್ಲಿ ಚಲಿಸುತ್ತಿದ್ದ ಟ್ರಾಮಿನಿಂದ ಹಾರಿ ತೊಡೆಮೂಳೆ ಮುರಿದುಕೊಂಡರು. ಮತ್ತೆ ಸುಧಾರಿಸಲಿಲ್ಲ. ಸೆಪ್ಟೆಂಬರ್ 5ರಂದು ತೀರಿಕೊಂಡರು.

ಅಕ್ಕನ ಪ್ರಶ್ನೆಗೆ ಅವರಲ್ಲಿ ನೇರ ಉತ್ತರ ಇಲ್ಲ. ಈಗ ತಿಳಿದಿರೋದು ಇಷ್ಟು: ಗಡ್ಡೆ ಸುಮ್ಮನೆ ಕೂರೋದಿಲ್ಲ, ದೂರದ ಮಜ್ಜೆಗೆ ರಾಸಾಯನಿಕ ಸುದ್ದಿ ಕಳಿಸಿ ಕೋಶಗಳನ್ನು ಕರೆಸಿಕೊಳ್ಳುತ್ತೆ. ಬಂದವರಲ್ಲಿ ಕೆಲವು ಲಿಂಫೋಸೈಟುಗಳು ಗಡ್ಡೆಯನ್ನು ಕೊಲ್ಲುತ್ತವೆ. ಮ್ಯಾಕ್ರೋಫೇಜುಗಳಲ್ಲಿ ಹಲವು ಪಕ್ಷ ಬದಲಿಸಿ ಅದಕ್ಕೆ ಹೊಸ ರಕ್ತನಾಳ ಎಳೆಯಲು ನೆರವಾಗುತ್ತವೆ, ಮಿಕ್ಕವರ ಕೈ ಕಟ್ಟುತ್ತವೆ. 2005ರಲ್ಲಿ ನ್ಯೂಯಾರ್ಕಿನ ಡೇವಿಡ್ ಲೈಡನ್ ತಂಡ ಇಲಿಗಳಲ್ಲಿ ಇನ್ನೊಂದು ಕಂಡಿತು: ಗಡ್ಡೆಯ ಕೋಶಗಳು ಬೇರೆ ಅಂಗಕ್ಕೆ ಹೋಗೋ ಮುಂಚೆಯೇ ಮಜ್ಜೆಯ ಕೋಶಗಳು ಅಲ್ಲಿ ಹೋಗಿ ಜಾಗ ಹದ ಮಾಡಿಟ್ಟಿರುತ್ತವೆ. ಓದಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅಕ್ಕನ ಗಡ್ಡೆಯ ಜಾತಿಗೆ ಲಿಂಫೋಸೈಟು ತುಂಬಿರೋದು ಒಳ್ಳೆಯ ಲಕ್ಷಣ ಅಂತ ಅಲ್ಲಿನ ಡಾಕ್ಟರೇ ಹೇಳಿದರು. ಕೀಮೋ ನಡೆದಿದೆ. ಅದು ಮಜ್ಜೆಯನ್ನೂ ಬಿಡೋದಿಲ್ಲವಲ್ಲ. ಹೋದ ಸಲ ಬಿಳಿ ಕಣ ಇಳಿದಿದೆ ಅಂತ ಒಂದು ವಾರ ಮುಂದೆ ಹಾಕಿದರು. ಈಗ ಅವಳು ರಿಪೋರ್ಟು ಪೂರ್ತಿ ಕಳಿಸೋದಿಲ್ಲ. ಬಿಳಿ ಕಣದ ಲೆಕ್ಕವನ್ನಷ್ಟೇ ಬರೆದು, ಪಕ್ಕಕ್ಕೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳಿಸ್ತಾಳೆ.